ಸೆನೆಟರ್ ಸಾಹೇಬರ ಹತ್ತಿರ ಎಡಕ್ಕೆ

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಹಳದಿ ಬಣ್ಣದ ಒಂದು ಮ್ಯಾಗ್ನೆಟ್ ಹಾಳೆ ಇದೆ. ‘ಹೊಸ ಡ್ರೈವರ್, ದಯವಿಟ್ಟು ತಾಳ್ಮೆಯಿರಲಿ’ ಅಂತ ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದಿದೆ. ಒಂದು ಕಾಲಕ್ಕೆ ಕಾರಿನ ಬೆನ್ನಿಗೆ ಅಂಟಿಕೊಂಡು ನ್ಯೂಜೆರ್ಸಿಯ ನಮ್ಮ ಊರು ಓಲ್ಡ್ ಬ್ರಿಡ್ಜಿನ ಜನಕ್ಕೆ ನನ್ನ ಬಗ್ಗೆ ಎಚ್ಚರಿಕೆ ಕೊಡುತ್ತಿದ್ದ ಹಾಳೆ ಅದು. ಈಗ ಕಸದ ಗಾಡಿ ಬರುವ ದಿನಗಳ ಕ್ಯಾಲೆಂಡರನ್ನು ಹಿಡಿದುಕೊಂಡು ನಿವೃತ್ತಿಯಲ್ಲಿದೆ. ಮೊನ್ನೆ ಮನೆಗೆ ಬಂದ ಗೆಳತಿಯೊಬ್ಬಳು ಅದನ್ನು ನೋಡಿ, “ಮಗಳು ಡ್ರೈವಿಂಗ್ ಕಲೀತಿದಾಳಾ?” ಅಂದಳು.

“ಇಲ್ಲ, ಅದು ನಂದು.”

“ಹೌದಾ! ಯಾವ ಸ್ಕೂಲಲ್ಲಿ ಕಲಿತೆ?”

“ಸ್ಮಶಾನದಲ್ಲಿ,” ಅಂದೆ.

ಅವಳು ಕಾಫಿ ಲೋಟ ಕೆಳಗಿಟ್ಟಳು.

ನೀವೂ ಲೋಟ ಕೆಳಗಿಡುವ ಮೊದಲು ವಿಷಯ ಪೂರ್ತಿ ಹೇಳಿಬಿಡುತ್ತೇನೆ. ನಾನು ಹುಟ್ಟಿನಿಂದಲೇ ಆತಂಕದವಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗುವವರನ್ನು ನೀವು ನೋಡಿರಬಹುದು. ನಾನು ಅರ್ಧ ದಾರಿಗೂ ಹೋಗುವುದಿಲ್ಲ, ಗೇಟಿನಿಂದಲೇ ವಾಪಸ್ಸು ಬರುತ್ತೇನೆ. ನಮ್ಮ ಮನೆಯ ಒಲೆ ಎಲೆಕ್ಟ್ರಿಕ್ಕಿನದು ಎಂಬುದು ಒಳಗೆ ಬಂದ ಮೇಲೆ ನೆನಪಾಗುತ್ತದೆ. ಇಂಥವಳು ಕಾರು ಓಡಿಸದೆ ನ್ಯೂಜೆರ್ಸಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಳು ಅಂದರೆ ಇಲ್ಲಿಯವರಿಗೆ ಅದೊಂದು ಪವಾಡ. ಇಲ್ಲಿ ಹಾಲು ತರಲಿಕ್ಕೂ ಕಾರು ಬೇಕು, ನಡೆದಾಡಲಿಕ್ಕೂ ಕಾರಿನಲ್ಲಿ ಪಾರ್ಕಿಗೆ ಹೋಗಬೇಕು. ನಾನು ಮಾತ್ರ ಪಕ್ಕದ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ಒತ್ತುತ್ತಾ, ಅಡ್ಡ ಬರಬಹುದಾದ ಜಿಂಕೆಗಳನ್ನು ಮನಸ್ಸಿನಲ್ಲೇ ಎಣಿಸುತ್ತಾ ಆಯುಷ್ಯ ಕಳೆದೆ.

ಕಲಿಸುವ ಪ್ರಯತ್ನ ನಡೆಯಲಿಲ್ಲ ಅಂತಲ್ಲ. ನಮ್ಮನೆಯವರು ಒಂದು ಭಾನುವಾರ ಬೆಳಿಗ್ಗೆ ಇನ್ನೂ ಬಾಗಿಲು ತೆರೆಯದ ಅಂಗಡಿಯೊಂದರ ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋಗಿ ಕೀಲಿ ಕೈಗೆ ಕೊಟ್ಟರು. ಮನೆಯಲ್ಲಿ ಅವರು ಬಹಳ ಸೌಮ್ಯ ಮನುಷ್ಯ. ಉಪ್ಪಿಲ್ಲದ ಸಾರನ್ನೂ ಮಾತಾಡದೆ ಉಣ್ಣುತ್ತಾರೆ. ಆ ಪಾರ್ಕಿಂಗ್ ಲಾಟಿನಲ್ಲಿ ಅವರೊಳಗಿಂದ ಬೇರೆ ಯಾರೋ ಹೊರಗೆ ಬಂದರು.

“ಲೇ! ಅದು ಬ್ರೇಕಲ್ಲ ಕಣೇ! ಬಿಡು! ಬಿಡು ಅಂದ್ರೆ ಅದನ್ನಲ್ಲ!”

ಅಂಗಡಿಯ ಸಾಮಾನು ತಳ್ಳುವ ಗಾಡಿಯೊಂದು ಮಗುಚಿಬಿತ್ತು. ಖಾಲಿ ಗಾಡಿ, ಪಾಪ, ಯಾರಿಗೂ ಏನೂ ಆಗಲಿಲ್ಲ. ಮುಂದೆ ಕೆಲವು ದಿನ ನಾವಿಬ್ಬರೂ ಮಗಳ ಮೂಲಕ ಮಾತಾಡಿಕೊಂಡೆವು. “ನಿಮ್ಮಪ್ಪಂಗೆ ಊಟಕ್ಕೆ ಬರೋಕೆ ಹೇಳು” ಅಂದರೆ ಅವಳು, “ಯು ಗೈಸ್ ಆರ್ ಸೋ ಡ್ರಮ್ಯಾಟಿಕ್” ಅಂತ ಕಿವಿಗೆ ಇಯರ್‌ಫೋನ್ ತುರುಕಿಕೊಳ್ಳುತ್ತಿದ್ದಳು. ಅಲ್ಲಿಗೆ ನನ್ನ ಡ್ರೈವಿಂಗ್ ಅಧ್ಯಾಯ ಮುಗಿಯಿತು ಅಂದುಕೊಂಡೆ.

ಅದನ್ನು ಮತ್ತೆ ತೆರೆದವರು ನಮ್ಮ ಬೀದಿಯ ಕೊನೆಯ ಮನೆಯ ಐರಿನ್ ಆಂಟಿ. ಮಂಗಳೂರಿನ ಕಡೆಯವರು, ರಿಟೈರಾದ ನರ್ಸು. ಎಪ್ಪತ್ತು ದಾಟಿದ ಮೇಲೂ ಮಾತು ಇಂಜೆಕ್ಷನ್ ಚುಚ್ಚಿದ ಹಾಗೆ, ಥಟ್ಟನೆ. ಗಂಡ ಲಾರೆನ್ಸ್ ಅಂಕಲ್ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಗ ದೂರದ ಸಿಯಾಟಲ್‌ನಲ್ಲಿ. ಪ್ರತಿ ಭಾನುವಾರ ಚರ್ಚು ಮುಗಿಸಿ ಆಂಟಿ ತಾವೇ ಕಾರು ಓಡಿಸಿಕೊಂಡು ಗಂಡನ ಸಮಾಧಿಗೆ ಹೋಗುತ್ತಿದ್ದರು. ಅಲ್ಲಿ ಒಂದು ಮಡಚುವ ಕುರ್ಚಿ ಹಾಕಿಕೊಂಡು ಕೂತು ವಾರದ ಸುದ್ದಿಯನ್ನೆಲ್ಲ ಅವರಿಗೆ ಒಪ್ಪಿಸಿ ಬರುತ್ತಿದ್ದರು. ಯಾರ ಮನೆ ಮಾರಾಟಕ್ಕಿದೆ, ಯಾರ ಸೊಸೆಗೆ ಅವಳಿ, ಬಂಗುಡೆ ಮೀನು ಪಕ್ಕದೂರು ಎಡಿಸನ್ನಿನ ಯಾವ ಅಂಗಡಿಯಲ್ಲಿ ಒಳ್ಳೆಯದು, ಹೀಗೆ.

ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತಾ ಆಂಟಿ ಹೇಳಿದರು: “ಕಣ್ಣಿನ ಡಾಕ್ಟ್ರು ಹೇಳಿದ್ರು ಮಾರಾಯ್ತಿ, ಅಕ್ಟೋಬರಲ್ಲಿ ಲೈಸೆನ್ಸ್ ಮುಗೀತದಲ್ಲ, ಅದನ್ನು ಮತ್ತೆ ಮಾಡಿಸ್ಲಿಕ್ಕೆ ಹೋಗ್ಬೇಡಿ ಅಂತ. ಈಗ ತೊಂದರೆ ಇಲ್ಲ, ಮುಂದೆ ಕಷ್ಟ ಅಂತೆ.”

“ಅಯ್ಯೋ, ಮತ್ತೆ ಭಾನುವಾರ?”

“ಅದೇ. ಟ್ಯಾಕ್ಸಿಯಲ್ಲಿ ಒಮ್ಮೆ ಹೋಗಿ ನೋಡಿದೆ. ಡ್ರೈವರ್ ಹೊರಗೆ ಕಾಯ್ತಾ ಇದ್ದಾನೆ ಅಂತ ಗೊತ್ತಿದ್ರೆ ಗಂಡನ ಹತ್ರ ನೆಮ್ಮದಿಯಲ್ಲಿ ಎಂತ ಮಾತಾಡ್ಲಿಕ್ಕೆ ಆಗ್ತದೆ?”

“ನಮ್ಮನೆಯವರು ಕರ್ಕೊಂಡು ಹೋಗ್ತಾರೆ ಆಂಟಿ.”

“ನಿನ್ನ ಗಂಡ ಒಳ್ಳೆಯವನೇ. ಆದ್ರೆ ವಾಚ್ ನೋಡ್ತಾನೆ.” ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. “ನೀನು ಕಲಿ ಶೈಲಾ. ನಾನೇ ಕಲಿಸ್ತೇನೆ. ಇದ್ರಲ್ಲಿ ನಂಗೆ ಸ್ವಾರ್ಥ ಉಂಟು, ಮುಚ್ಚಿಡುವುದಿಲ್ಲ.”

ಒಬ್ಬರಿಗೆ ಕಣ್ಣಿನ ಯೋಚನೆ, ಇನ್ನೊಬ್ಬಳಿಗೆ ಮಿಕ್ಕ ಎಲ್ಲದರ ಯೋಚನೆ. ನಾನು ಆಗುವುದಿಲ್ಲ ಅನ್ನಲು ಬಾಯಿ ತೆರೆದೆ. ಆದರೆ ಭಾನುವಾರ ಮಧ್ಯಾಹ್ನ ಆ ಮುದುಕಿ ಕಿಟಕಿಯ ಹತ್ತಿರ ಸುಮ್ಮನೆ ಕೂತಿರುವ ಚಿತ್ರ ಕಣ್ಣ ಮುಂದೆ ಬಂದುಬಿಟ್ಟಿತು. ಆತಂಕದವರ ಕಲ್ಪನಾಶಕ್ತಿ ಬಹಳ ಚುರುಕು. ಅದರಿಂದ ಒಳ್ಳೆಯದೇನಾದರೂ ಆಗಿದ್ದು ಅದೊಂದೇ ಸಲ ಇರಬೇಕು. “ಎಲ್ಲಿ ಕಲಿಸ್ತೀರಿ?” ಅಂದೆ.

“ಲಾರೆನ್ಸ್ ಇರುವಲ್ಲಿ. ಅಷ್ಟು ಒಳ್ಳೆ ರಸ್ತೆ ಈ ನ್ಯೂಜೆರ್ಸಿಯಲ್ಲಿ ಬೇರೆ ಇಲ್ಲ.”

ನಾನು ದಾವಣಗೆರೆಯಲ್ಲಿ ಬೆಳೆದವಳು. ನಮ್ಮ ಶಾಲೆಯ ದಾರಿಯಲ್ಲಿ ಸ್ಮಶಾನದ ಗೋಡೆಯೊಂದು ಬರುತ್ತಿತ್ತು. ಆ ಗೋಡೆ ಮುಗಿಯುವವರೆಗೂ ನಾವು ಹುಡುಗಿಯರು ಉಸಿರು ಬಿಗಿಹಿಡಿದು ಓಡುತ್ತಿದ್ದೆವು. ಗೋಡೆ ಉದ್ದವಾಗಿತ್ತು, ಉಸಿರು ಗಿಡ್ಡವಾಗಿತ್ತು. ನಡುವೆ ಎಲ್ಲೋ ಒಂದು ಕಡೆ ಉಸಿರು ಬಿಟ್ಟು, ಆಮೇಲೆ ದಿನವಿಡೀ ‘ನನಗೆ ಏನೋ ಹೊಕ್ಕಿತು’ ಎಂದು ಹೆದರುವುದು ನನ್ನ ಪಾಲಿಗೆ ಕಟ್ಟಿಟ್ಟದ್ದು. ಶವದ ಮೆರವಣಿಗೆ ಹೋದ ರಸ್ತೆಯ ಮೇಲೆ ಎರಚಿದ ಮಂಡಕ್ಕಿ ಬಿದ್ದಿರುತ್ತಿತ್ತು. ಅದನ್ನು ತುಳಿಯದ ಹಾಗೆ ಕುಂಟಾಬಿಲ್ಲೆ ಆಡಿದಂತೆ ಹಾರಿ ಹಾರಿ ಹೋಗುತ್ತಿದ್ದೆವು. ಸಂಜೆ ಅದೇ ಮಂಡಕ್ಕಿಗೆ ಒಗ್ಗರಣೆ ಹಾಕಿ ಅವ್ವ ತಟ್ಟೆಯಲ್ಲಿ ಕೊಟ್ಟರೆ ಮಾತ್ರ ಬೊಗಸೆಗಟ್ಟಲೆ ತಿನ್ನುತ್ತಿದ್ದೆವು. ಇಂಥ ಹಿನ್ನೆಲೆಯವಳು ಐವತ್ತು ದಾಟಿದ ಮೇಲೆ, ತಾನಾಗಿಯೇ, ಸ್ಟಿಯರಿಂಗ್ ಹಿಡಿದುಕೊಂಡು ಸ್ಮಶಾನದೊಳಗೆ ಹೋಗುವುದೆಂದರೆ!

ಆದರೆ ಅದು ಸ್ಮಶಾನದ ಹಾಗಿರಲಿಲ್ಲ. ಕಲ್ಲಿನ ದೊಡ್ಡ ಕಮಾನು, ಒಳಗೆ ಸಣ್ಣ ಸಣ್ಣ ಗುಡ್ಡ, ಓಕ್ ಮರಗಳು, ಹುಲ್ಲು ಕತ್ತರಿಸಿದ ವಾಸನೆ. ಅಮೆರಿಕ ಇನ್ನೂ ಮಗುವಾಗಿದ್ದ ಕಾಲದ ಸಮಾಧಿಗಳೂ ಅಲ್ಲಿವೆ. ಗೇಟಿನ ಬಳಿ ಒಂದು ಪೆಟ್ಟಿಗೆ. ಅದರಲ್ಲಿ ‘ಇಲ್ಲಿ ಮಲಗಿರುವ ಗಣ್ಯರು’ ಎಂಬ ನಕ್ಷೆ. ನಮ್ಮೂರಲ್ಲಿ ಗಣ್ಯರು ವೇದಿಕೆಯ ಮೇಲೆ ಕೂರುತ್ತಾರೆ, ಇಲ್ಲಿ ಹೀಗೆ. ಒಬ್ಬ ಸೆನೆಟರ್. ರೈಲು ಹಳಿ ಹಾಕಿಸಿ ಸಾಹುಕಾರನಾದವನೊಬ್ಬ. ಅರ್ಧ ದೇಶದ ಅಂಗಿಗಳಿಗೆ ಗುಂಡಿ ಮಾಡಿ ಮಾರಿದ ಕಾರ್ಖಾನೆಯ ಧಣಿ. ಮೂಕಿಚಿತ್ರಗಳ ಕಾಲದ ಒಬ್ಬ ನಟಿ. ಬೇಸ್‌ಬಾಲ್ ಆಟಗಾರನೊಬ್ಬನ ಕಲ್ಲಿನ ಮೇಲೆ ಜನ ಈಗಲೂ ಚೆಂಡು ಇಟ್ಟು ಹೋಗುತ್ತಾರೆ.

ಐರಿನ್ ಆಂಟಿ ಆ ನಕ್ಷೆ ಮುಟ್ಟಿದವರಲ್ಲ. ಆ ಗಣ್ಯರೆಲ್ಲರ ಚರಿತ್ರೆಯೂ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದ ಕಡೆ ಸ್ವಂತದ್ದು ಸೇರಿಸುತ್ತಿದ್ದರು. ಗುಂಡಿ ಧಣಿಗೆ ಇಬ್ಬರು ಹೆಂಡತಿಯರಂತೆ, ಇಬ್ಬರಿಗೂ ಮಾತಿಲ್ಲವಂತೆ. “ನೋಡು, ಕಲ್ಲು ಕೂಡ ಆಚೆ ಈಚೆ ಮುಖ ಮಾಡಿ ಉಂಟು.” ನಾನು ಇಳಿದು ಓದಿದರೆ ಒಬ್ಬಳು ಹೆಂಡತಿ, ಇನ್ನೊಬ್ಬಳು ತಂಗಿ. ಹೇಳಿದರೆ ಆಂಟಿ ಒಪ್ಪಲಿಲ್ಲ. “ಹಾಗೆ ಬರೆಸಿದ್ದು ಮಾರಾಯ್ತಿ, ಮರ್ಯಾದೆಗೆ.”

ಲಾರೆನ್ಸ್ ಅಂಕಲ್ ಇರುವುದು ಅಂಚಿನ ಹೊಸ ಭಾಗದಲ್ಲಿ. ಸೆನೆಟರ್ ಸಾಹೇಬರ ಸ್ತಂಭದ ನೆರಳು ಸಂಜೆ ಅಲ್ಲಿಯವರೆಗೂ ಬರುತ್ತದೆ. ಆಂಟಿಗೆ ಅದೊಂದು ಹೆಮ್ಮೆ. “ಊರಲ್ಲಿ ಇದ್ದಿದ್ರೆ ಇವನಿಗೆ ಪಂಚಾಯತ್ ಮೆಂಬರಿನ ಪಕ್ಕ ಕೂಡ ಜಾಗ ಸಿಗ್ತಿರ್ಲಿಲ್ಲ. ಇಲ್ಲಿ ಸೆನೆಟರ್ ನೆರೆಮನೆ!”

ಹೀಗೆ ಶುರುವಾಯಿತು ನನ್ನ ಪಾಠ. ಗೇಟಿನವರೆಗೆ ನಮ್ಮ ಕಾರನ್ನು ಆಂಟಿ ಓಡಿಸುವುದು. ಕಮಾನಿನ ಹೊರಗೇ ಜಾಗ ಬದಲಿಸಿಕೊಳ್ಳುವುದು. ಆಮೇಲೆ ಆಜ್ಞೆಗಳು.

“ಸೆನೆಟರ್ ಹತ್ರ ಎಡಕ್ಕೆ. ಇಂಡಿಕೇಟರ್ ಹಾಕು.”

“ಆಂಟಿ, ಹಿಂದೆ ಮುಂದೆ ಯಾರೂ ಇಲ್ಲ, ಯಾರಿಗೆ ಹಾಕೋದು?”

“ಸೆನೆಟರಿಗೆ. ಹೂಂ, ಈಗ ನೇರ. ಗುಂಡಿಯವನ ಎದುರು ಪಾರ್ಕ್ ಮಾಡು. ಇಬ್ಬರು ಹೆಂಡ್ತಿಯರ ಮಧ್ಯ ಸರಿಯಾಗಿ ನಿಲ್ಬೇಕು.”

“ಆಂಟಿ, ಯಾರಿಗಾದ್ರೂ ಗುದ್ದಿಬಿಟ್ರೆ?”

“ಇಲ್ಲಿ ಎಲ್ಲರೂ ಸತ್ತು ಆಗಿದೆಯಲ್ಲ! ನೀನು ಇನ್ನು ಕೊಲ್ಲುವುದು ಯಾರನ್ನು?”

ಈ ಮಾತು ನನ್ನ ಮೇಲೆ ಮಾಡಿದ ಪರಿಣಾಮ ಯಾವ ಧ್ಯಾನ ಶಿಬಿರವೂ ಮಾಡಿಲ್ಲ. ನಿಜಕ್ಕೂ ಅಲ್ಲಿ ಓಡಾಡುತ್ತಿದ್ದ ಜೀವಗಳೆಂದರೆ ಹುಲ್ಲು ಕತ್ತರಿಸುವವನು ಮತ್ತು ಕೆನಡಾದ ಹೆಬ್ಬಾತುಗಳು. ಹೆಬ್ಬಾತುಗಳು ಸಂಸಾರ ಸಮೇತ ರಸ್ತೆ ದಾಟುವಾಗ ನಾನು ಕಾರು ನಿಲ್ಲಿಸಿ ಕಾಯುತ್ತಿದ್ದೆ. ಕೊನೆಯ ಮರಿ ದಾಟಿದ ಮೇಲೂ, ಇನ್ನೊಂದು ಹಿಂದುಳಿದಿದ್ದರೆ ಎಂದು ಸ್ವಲ್ಪ ಕಾಯುತ್ತಿದ್ದೆ.

ಮನೆಗೆ ಬಂದ ಮೇಲಿನ ತಾಪತ್ರಯ ಬೇರೆ. ಸ್ಮಶಾನಕ್ಕೆ ಹೋಗಿಬಂದವರು ತಲೆಗೆ ನೀರು ಹಾಕಿಕೊಳ್ಳದೆ ಒಲೆ ಮುಟ್ಟಬಾರದು ಅನ್ನುವುದು ನನಗೆ ರಕ್ತಗತ. ಮೊದಲ ವಾರಗಳಲ್ಲಿ ಗ್ಯಾರೇಜಿನಿಂದ ನೇರ ಬಚ್ಚಲಿಗೆ ಹೋಗುತ್ತಿದ್ದೆ. ದಿನಾ ತಲೆಸ್ನಾನ ಮಾಡಿ ನೆಗಡಿ ಹಿಡಿಯಿತು. ಆಮೇಲೆ ಒಂದು ತರ್ಕ ಹೊಳೆಯಿತು: ಕಾರಿನಿಂದ ಕಾಲು ಕೆಳಗಿಡದಿದ್ದರೆ ಸ್ಮಶಾನಕ್ಕೆ ಹೋದದ್ದು ಕಾರು, ನಾನಲ್ಲ. “ಹಂಗಾದ್ರೆ ಕಾರಿಗೆ ಸ್ನಾನ ಮಾಡಿಸು,” ಅಂದರು ನಮ್ಮನೆಯವರು. ಅವರು ಹೇಳಿದ್ದು ತಮಾಷೆಗೆ. ನಾನು ಕಾರ್ ವಾಷ್‌ನ ತಿಂಗಳ ಪಾಸು ತೆಗೆದುಕೊಂಡೆ. ನಮ್ಮ ಕಾರು ಇಡೀ ಬೀದಿಯಲ್ಲೇ ಮಡಿವಂತ ಕಾರಾಯಿತು.

ನನ್ನ ನಿಜವಾದ ಸಮಸ್ಯೆ ಇದ್ದದ್ದು ರೈಲ್ವೆ ಸಾಹುಕಾರನ ಹತ್ತಿರ. ಅವನದು ಮನೆಯೆತ್ತರದ ಕಲ್ಲುಕಂಬ, ಸುತ್ತಲೂ ದುಂಡಗೆ ರಸ್ತೆ. ನ್ಯೂಜೆರ್ಸಿಯ ಹೆದ್ದಾರಿಗಳಲ್ಲಿ ಇಂಥ ಸರ್ಕಲ್ಲುಗಳು ಬೇಕಾದಷ್ಟಿವೆ, ಅದು ಬರದಿದ್ದರೆ ಇಲ್ಲಿ ಡ್ರೈವಿಂಗ್ ಬಂದಂತೆಯೇ ಅಲ್ಲ. ನಮ್ಮ ಮನೆಗೂ ಸ್ಮಶಾನಕ್ಕೂ ನಡುವೆಯೇ ಅಂಥ ದೊಡ್ಡ ಸರ್ಕಲ್ ಒಂದಿದೆ. ಸಾಹುಕಾರನ ಕಂಬದ ಬಳಿ ಬಂದಾಗಲೆಲ್ಲ ನನ್ನ ಕೈ ತಾನಾಗಿಯೇ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸುತ್ತಿತ್ತು.

“ಬಲಕ್ಕೆ! ಬಲಕ್ಕೆ ಹೋಗಿ ಸುತ್ತು ಬಾ! ಎದುರಿಂದ ಟ್ರಕ್ ಬಂದ್ರೆ ನಮ್ಮನ್ನು ಇಲ್ಲೇ ಹೂಳ್ತಾರೆ, ಆಂಬುಲೆನ್ಸ್ ಖರ್ಚೂ ಇಲ್ಲ!”

ಮರುದಿನ ಮತ್ತೆ ಎಡಕ್ಕೆ. ಅದರ ಮರುದಿನವೂ. ಆಂಟಿ ಕಾರು ನಿಲ್ಲಿಸಲು ಹೇಳಿದರು. ನರ್ಸು ರೋಗಿಯನ್ನು ಕೇಳುವ ದನಿಯಲ್ಲಿ ಕೇಳಿದರು: “ಸರಿಯಾಗಿ ಹೇಳು. ಯಾಕೆ ಹೀಗೆ ಆಗ್ತದೆ ನಿಂಗೆ?”

ಆಗ ನನಗೂ ಹೊಳೆಯಿತು. “ಆಂಟಿ, ಹುಟ್ಟಿದಾಗಿಂದ ನಾನು ಏನನ್ನೇ ಸುತ್ತಿದ್ರೂ ಹಿಂಗೇ ಸುತ್ತಿರೋದು. ಆಂಜನೇಯನ ಗುಡಿ, ಅಶ್ವತ್ಥಕಟ್ಟೆ, ತುಳಸಿ. ದೇವರು ಬಲಗೈ ಕಡೆಗೇ ಇರ್ಬೇಕು. ಆ ಕಡೆಯಿಂದ ಸುತ್ತಿದ್ರೆ ಅಜ್ಜಿ ತಲೆಗೆ ಮೊಟಕ್ತಿದ್ರು.”

ಆಂಟಿ ಕಂಬವನ್ನು ನೋಡಿದರು, ನನ್ನನ್ನು ನೋಡಿದರು. “ಸತ್ತವರನ್ನು ಕೂಡ ಹಾಗೆಯೇ ಸುತ್ತುವುದಾ ನಿಮ್ಮಲ್ಲಿ?”

“ಇಲ್ಲ ಇಲ್ಲ. ಅದು ಉಲ್ಟಾ. ಅಪ್ರದಕ್ಷಿಣೆ.”

“ಮತ್ತೆ ಈ ರೈಲಿನವನಿಗೆ ಎಂತ ಜೀವ ಉಂಟಾ? ಹೋಗು ಉಲ್ಟಾ!”

ಆವತ್ತಿನಿಂದ ನಾನು ತಪ್ಪು ಮಾಡಲಿಲ್ಲ ಅಂದರೆ ನೀವು ನಂಬಬೇಕು. ಪೇಟೆಯ ಸಣ್ಣ ಸರ್ಕಲ್ಲುಗಳಲ್ಲೂ ನಾನು ಮನಸ್ಸಿನಲ್ಲಿ ನಟ್ಟನಡುವೆ ಒಬ್ಬ ಮೃತ ಮಹನೀಯರನ್ನು ಮಲಗಿಸುತ್ತೇನೆ, ಕೈ ಸರಿಯಾದ ಕಡೆಗೇ ತಿರುಗುತ್ತದೆ. ಪೇಟೆಯ ಮೇಯರ್ ಕಷ್ಟಪಟ್ಟು ಅಲ್ಲಿ ಹೂಗಿಡ ನೆಡಿಸಿದ್ದಾರೆ. ಅವರಿಗೆ ಇದನ್ನು ಯಾರೂ ಹೇಳದಿರುವುದು ಒಳ್ಳೆಯದು.

ಸುತ್ತುವಾಗ ಒಮ್ಮೊಮ್ಮೆ ಯೋಚನೆ ಬರುತ್ತಿತ್ತು. ನಮ್ಮಲ್ಲಿ ಸುಟ್ಟು, ನೀರಿಗೆ ಬಿಟ್ಟು, ವರ್ಷಕ್ಕೊಮ್ಮೆ ಮೂರು ತಲೆಮಾರಿನ ಹೆಸರು ಹೇಳಿ ಕೈತೊಳೆಯುತ್ತೇವೆ. ಅದರಾಚೆ ನನ್ನ ಮುತ್ತಜ್ಜಿಯ ತಾಯಿಯ ಹೆಸರು ನನಗೆ ಗೊತ್ತಿಲ್ಲ. ಗುಂಡಿ ಧಣಿಯ ತಂಗಿಯ ಹೆಸರು, ಅವಳ ಊರು, ಅವಳಿಗೆ ಇಷ್ಟವಾಗಿದ್ದ ಪ್ರಾರ್ಥನೆಯ ಸಾಲು ಎಲ್ಲವೂ ಬಾಯಿಪಾಠ. ಇದು ಸರಿಯೋ ಎಂದು ಸ್ವಲ್ಪ ಕಸಿವಿಸಿಯಾಗುತ್ತಿತ್ತು. ಅಷ್ಟರಲ್ಲಿ ಆಂಟಿ “ರಸ್ತೆ ನೋಡು!” ಅನ್ನುತ್ತಿದ್ದರು. ತತ್ವಚಿಂತನೆಗೆ ಡ್ರೈವಿಂಗ್ ಒಳ್ಳೆಯ ಜಾಗವಲ್ಲ.

ಸೆಪ್ಟೆಂಬರಿನಲ್ಲಿ ಪರೀಕ್ಷೆ. ನನ್ನ ಪಕ್ಕ ಕೂತ ಅಧಿಕಾರಿ ದೊಡ್ಡ ಆಳು, ಸಣ್ಣ ದನಿ. ನಾನು ಎಲ್ಲವನ್ನೂ ಸರಿಯಾಗಿ ಮಾಡಿದೆ. ಇಂಡಿಕೇಟರ್ ಹಾಕಿದೆ, ಕನ್ನಡಿ ನೋಡಿದೆ, ಪಾರ್ಕ್ ಮಾಡಿದೆ. ಆದರೂ ಅವರು ಗಡಿಯಾರ ನೋಡಿದರು, ಕಿಟಕಿಯಾಚೆ ನೋಡಿದರು, ಕೊನೆಗೆ ತಡೆಯಲಾರದೆ ಹೇಳಿದರು: “ಮ್ಯಾಮ್, ದಿಸ್ ಈಸ್ ನಾಟ್ ಎ ಫ್ಯೂನರಲ್.”

ನಾನು ಬೆಚ್ಚಿಬಿದ್ದೆ. ಇವರಿಗೆ ಹೇಗೆ ಗೊತ್ತಾಯಿತು?

ಆಮೇಲೆ ಅರ್ಥವಾಯಿತು. ನಾನು ಇಡೀ ಪರೀಕ್ಷೆಯಲ್ಲಿ ಸ್ಮಶಾನದ ವೇಗದಲ್ಲೇ ಓಡಿಸಿದ್ದೆ. ಅದಕ್ಕಿಂತ ಬೇರೆ ವೇಗ ಇರುತ್ತದೆಂದು ನನ್ನ ಕಾಲಿಗೆ ಯಾರೂ ಹೇಳಿರಲೇ ಇಲ್ಲ. ಫೇಲ್.

ಸುದ್ದಿ ಕೇಳಿ ಆಂಟಿ ಮೊದಲು ನಕ್ಕರು. ನಕ್ಕು ಮುಗಿದ ಮೇಲೆ ಕ್ಯಾಲೆಂಡರ್ ನೋಡಿದರು. ಮುಂದಿನ ಪರೀಕ್ಷೆಗೆ ದಿನ ಸಿಕ್ಕಿದ್ದು ಅಕ್ಟೋಬರ್ ಕೊನೆಗೆ. ಅವರ ಲೈಸೆನ್ಸ್ ಮುಗಿಯುವುದು ಅದಕ್ಕೂ ಮೊದಲು. “ನಂದೇ ತಪ್ಪು,” ಅಂದರು. “ಸತ್ತವರ ಮಧ್ಯ ಕಲಿಸಿದೆ, ಬದುಕಿದವರಿಗೆ ಎಷ್ಟು ಅವಸರ ಅಂತ ಹೇಳ್ಲಿಕ್ಕೆ ಮರ್ತೆ.” ಮರುದಿನದಿಂದ ಪಾಠ ಗೇಟಿನ ಹೊರಗೆ, ಗೋಡೆಯ ಪಕ್ಕದ ನೇರ ರಸ್ತೆಯಲ್ಲಿ. “ಒತ್ತು ಮಾರಾಯ್ತಿ, ಆಕ್ಸಿಲರೇಟರ್ ಒತ್ತು! ಅದು ಇರುವೆ ಅಲ್ಲ!” ಎಂದು ಆಂಟಿ ಕೂಗುವುದು, ಹಿಂದಿನ ಕಾರಿನವನು ಹಾರನ್ ಹೊಡೆಯುವುದು, ನಾನು ಕಣ್ಣರಳಿಸಿಕೊಂಡು ವೇಗದ ಮಿತಿಯನ್ನು ಮೊಟ್ಟಮೊದಲ ಬಾರಿಗೆ ಮುಟ್ಟುವುದು. ದೊಡ್ಡ ಸರ್ಕಲ್ಲಿಗೆ ಮಾತ್ರ ಆಂಟಿ ಬಿಡಲಿಲ್ಲ. “ಅದು ಲೈಸೆನ್ಸ್ ಬಂದ ಮೇಲೆ.”

ಅಕ್ಟೋಬರಿನಲ್ಲಿ ಅವರ ಹುಟ್ಟುಹಬ್ಬ ಬಂತು. ಲೈಸೆನ್ಸ್ ಮುಗಿಯುವುದೂ ಅವತ್ತೇ. ನಾನು ಕೇಕ್ ಮಾಡಿಕೊಂಡು ಹೋದೆ. ಮೇಜಿನ ಮೇಲೆ ಅವರ ಕಾರಿನ ಕೀಲಿ ಇತ್ತು. ಅದನ್ನು ಅವರು ಒಂದು ಚಿಕ್ಕ ಬಟ್ಟಲಿನೊಳಗೆ ಹಾಕಿ ಮೇಲೆ ಕರ್ಚೀಫು ಮುಚ್ಚಿದ್ದರು. ಆ ಭಾನುವಾರ ನಮ್ಮನೆಯವರು ಅವರನ್ನು ಕರೆದುಕೊಂಡು ಹೋಗಿ ಬಂದರು.

“ಹೆಂಗಾಯ್ತು ಆಂಟಿ?”

“ಆಯ್ತು. ನಮಸ್ಕಾರ ಅಂದೆ, ಬರ್ತೇನೆ ಅಂದೆ. ಲಾರೆನ್ಸಿಗೆ ಅನ್ನಿಸಿರ್ಬೇಕು, ಇವಳಿಗೆ ಎಂತದೋ ಸಿಟ್ಟು ಬಂದಿದೆ ಅಂತ.”

ನಮ್ಮನೆಯವರು ಪಕ್ಕದಲ್ಲೇ ನಿಂತಿದ್ದರು. “ನಾನು ಅವಸರ ಮಾಡ್ಲಿಲ್ಲ ಆಂಟಿ,” ಅಂದರು.

“ಮಾಡ್ಲಿಲ್ಲ ಮಗಾ. ನೀನು ಎರಡು ಕೈ ಕಟ್ಟಿ ಮರದ ಹತ್ರ ಎಷ್ಟು ಭಕ್ತಿಯಲ್ಲಿ ನಿಂತಿದ್ದಿ ಅಂದ್ರೆ, ನಿನ್ನ ಎದುರು ಬಂಗುಡೆ ವಿಷಯ ಎತ್ಲಿಕ್ಕೆ ನಂಗೇ ನಾಚಿಕೆ ಆಯ್ತು.”

ಎರಡನೇ ಪರೀಕ್ಷೆಗೆ ನಮ್ಮನೆಯವರೇ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಒಂದು ಮಾತೂ ಆಡದೆ ಅವರು ಸಂಸಾರ ಉಳಿಸಿದರು. ಅದೇ ದೊಡ್ಡ ಆಳು, ಅದೇ ಸಣ್ಣ ದನಿ. ಈ ಸಲ ಅವರು ಒಂದೆರಡು ಬಾರಿ ಬಾಗಿಲ ಹಿಡಿಕೆ ಹಿಡಿದುಕೊಂಡರು, ಆದರೆ ಪಾಸು ಮಾಡಿದರು. ನಾನು ಅಲ್ಲೇ ನಿಂತು ಆಂಟಿಗೆ ಫೋನ್ ಮಾಡಿದೆ. “ಭಾನುವಾರ ಚರ್ಚು ಬೇಗ ಮುಗೀತದೆ. ಲೇಟ್ ಮಾಡ್ಬೇಡ,” ಅಂತ ಇಟ್ಟುಬಿಟ್ಟರು.

ಭಾನುವಾರ ಬಿಸಿಲಿತ್ತು. ಓಕ್ ಮರಗಳ ಎಲೆಗಳು ಕೆಂಪಾಗಿ ಉದುರಲು ಶುರುಮಾಡಿದ್ದವು. ಒದ್ದೆ ಎಲೆಯ ಮೇಲೆ ಚಕ್ರ ಜಾರುತ್ತದೆ ಎಂದು ಎಲ್ಲೋ ಓದಿದ್ದೆ. ಎಲೆಗಳು ಒಣಗಿದ್ದವು. ಆದರೂ ಹೆದರಿದೆ, ಯಾಕೆ ಬಿಡಬೇಕು. ಆಂಟಿ ಚರ್ಚಿನ ಸೀರೆಯಲ್ಲೇ ಪಕ್ಕದ ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಮೊದಲ ತಿರುವಿನಲ್ಲಿ “ಇಂಡಿಕೇಟರ್” ಅಂದರು. ಎರಡನೆಯದರಲ್ಲಿ ಏನೂ ಅನ್ನಲಿಲ್ಲ. ಸಿಟ್ಟಾಗಿದ್ದಾರೇನೋ ಅಂದುಕೊಂಡೆ. ದೂರದಲ್ಲಿ ದೊಡ್ಡ ಸರ್ಕಲ್ ಕಂಡಿತು. ಎಲ್ಲ ಕಡೆಯಿಂದಲೂ ಕಾರುಗಳು ಒಳಗೆ ಸುರಿಯುತ್ತಿದ್ದವು.

“ಆಂಟಿ, ಸರ್ಕಲ್ ಬಂತು. ಎಡಗಡೆ ಸ್ವಲ್ಪ ನೋಡಿ ಹೇಳಿ,” ಅಂದೆ.

ಬ್ರೇಕಿನ ಮೇಲೆ ಕಾಲಿಟ್ಟೆ.

“ಆಂಟೀ?”

ಆಗ ಆ ಶಬ್ದ ಕೇಳಿಸಿತು. ಸಣ್ಣದಾಗಿ, ಲಯಬದ್ಧವಾಗಿ, ಹಾಲು ಉಕ್ಕುವ ಮುಂಚಿನ ಹಾಗೆ. ತಲೆ ಕಿಟಕಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ನನಗೆ ನೋಡುತ್ತ ಕೂರಲು ಪುರಸೊತ್ತಿರಲಿಲ್ಲ. ಎಡಕ್ಕೆ ನಾನೇ ನೋಡಿದೆ. ಒಂದು ಲಾರಿ ಹೋಯಿತು, ಒಂದು ಬಿಳಿ ವ್ಯಾನ್ ಹೋಯಿತು, ಸಂದು ಸಿಕ್ಕಿತು, ಹೊಕ್ಕೆ. ಯಾರೋ ಹಾರನ್ ಹೊಡೆದರು. ನನಗಿರಲಿಕ್ಕಿಲ್ಲ ಅಂದುಕೊಂಡೆ. ಎರಡನೇ ದಾರಿಯಲ್ಲಿ ಹೊರಗೆ ಬಂದೆ. ಇಷ್ಟು ವರ್ಷ ನನ್ನ ಅಡುಗೆಯನ್ನು ಮೆಚ್ಚಿದವರಿದ್ದಾರೆ, ಹಾಡನ್ನು ಸಹಿಸಿಕೊಂಡವರಿದ್ದಾರೆ. ನನ್ನನ್ನು ನಂಬಿ ಒಬ್ಬರು ಹೀಗೆ ಬಾಯಿ ತೆರೆದು ಮಲಗಿದ್ದು ಇದೇ ಮೊದಲು. ಉಳಿದ ದಾರಿಯನ್ನು, ಅವರು ಎಚ್ಚರಗೊಳ್ಳದ ಹಾಗೆ, ತಿರುವುಗಳಲ್ಲಿ ಹದವಾಗಿ ಓಡಿಸಿದೆ.

ಲಾರೆನ್ಸ್ ಅಂಕಲ್ ಎದುರು ಕಾರು ನಿಲ್ಲಿಸಿ ಸುಮ್ಮನೆ ಕೂತೆ. ಎಲೆಗಳು ಒಂದೊಂದಾಗಿ ಗಾಜಿನ ಮೇಲೆ ಬಿದ್ದವು. ಯಾವುದರ ಚಿಂತೆಯನ್ನೂ ಮಾಡದೆ ನಾನು ಅಷ್ಟು ಹೊತ್ತು ಕೂತಿದ್ದು ನನಗೆ ಆಮೇಲೆ ನೆನಪಾಯಿತು. ಕೊನೆಗೆ ಆಂಟಿ ಕಣ್ಣು ಬಿಟ್ಟರು. ಹೊರಗೆ ನೋಡಿದರು, ಸಮಾಧಿಯನ್ನು ನೋಡಿದರು, ನನ್ನನ್ನು ನೋಡಿದರು. ಸೀರೆಯ ಸೆರಗು ಸರಿಮಾಡಿಕೊಂಡು ಗತ್ತಿನಲ್ಲಿ ಹೇಳಿದರು:

“ನಿದ್ದೆ ಅಂತ ತಿಳ್ಕೊಳ್ಬೇಡ. ನೀನು ಓಡಿಸ್ತಿದ್ದಿ ಅಲ್ವಾ, ನಾನು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡ್ತಾ ಇದ್ದೆ.”

“ಕೇಳಿಸ್ತು ಆಂಟಿ,” ಅಂದೆ. “ಸರ್ಕಲ್ ಹತ್ರ ಬಹಳ ಜೋರಾಗೇ ಮಾಡಿದ್ರಿ.”